ನರ್ಸಿಂಗ್ ಹೋಂನ ಚೈನ್‌ಗೆ ಕೊಟ್ರೆ ಡಾಕ್ಟ್ರ ಕೈಯಲ್ಲಿ ಏನು ಉಳಿಯುತ್ತೆ?

ಪ್ರಶ್ನೆ: ನಾನು ಹೆರಿಗೆ ಡಾಕ್ಟರ್, ನಮ್ಮ ಯಜಮಾನ್ರು ಅನಸ್ತೀಷಿಯಾ. ಚಿತ್ರದುರ್ಗದಲ್ಲಿ 19 ವರ್ಷದಿಂದ 35 ಬೆಡ್‌ನ ನರ್ಸಿಂಗ್ ಹೋಂ ನಡೆಸ್ತಿದೀವಿ, ಜಾಗ ನಮ್ಮದೇ. ಬೆಂಗಳೂರಿನ ಒಂದು ಆಸ್ಪತ್ರೆ ಚೈನ್‌ನವರು 51% ಶೇರ್ ಕೇಳ್ತಿದಾರೆ, ಇಬ್ರಿಗೂ ಮೂರು ವರ್ಷ ಎಂಜಿ (ಮಿನಿಮಮ್ ಗ್ಯಾರಂಟಿ) ಕೊಡ್ತಾರಂತೆ, ಟ್ರೀಟ್‌ಮೆಂಟ್ ವಿಷಯಕ್ಕೆ ನಾವು ಕೈ ಹಾಕಲ್ಲ ಅಂತ ಬರೆದೇ ಕೊಡ್ತಾರಂತೆ. ಯಜಮಾನ್ರಿಗೆ ಸುಸ್ತಾಗಿದೆ, ಕೊಟ್ಟುಬಿಡೋಣ ಅಂತಾರೆ. ಹ್ಯೂಸ್ಟನ್‌ನಲ್ಲಿರೋ ನನ್ನ ತಮ್ಮ, ಅಲ್ಲಿ ಕಂಪನಿಗಳು ಡಾಕ್ಟ್ರ ಪ್ರಾಕ್ಟೀಸ್‌ಗೆ ಮಾಲೀಕ ಆಗೋಕೆ ಕಾನೂನೇ ಬಿಡಲ್ಲ ಅಂತಾನೆ. ನಮ್ಮಲ್ಲಿ ಹಾಗೇನಾದ್ರೂ ಇದೆಯಾ? ಬಿಟ್ಟುಹೋದ್ಮೇಲೆ ಪೈಪೋಟಿಗೆ ಆಸ್ಪತ್ರೆ ಹಾಕಬಾರ್ದು ಅನ್ನೋ ನಾನ್ ಕಾಂಪೀಟ್ ಷರತ್ತು ಹೆಂಗಿದ್ರೂ ಇಂಡಿಯಾದಲ್ಲಿ ನಡೆಯಲ್ಲ ಅಂತ ನಮ್ಮ ಡಾಕ್ಟರ್ಸ್ ಗ್ರೂಪಲ್ಲಿ ಎಲ್ರೂ ಹೇಳ್ತಾರೆ, ನಿಜನಾ?

ಉತ್ತರ: ಮೇಡಂ, ಕಾನೂನು ಆಮೇಲೆ ನೋಡೋಣ, ಮೊದಲು ನಾನೇ ನಿಮ್ಮನ್ನ ಒಂದು ಕೇಳ್ತೀನಿ. ಹೋದ ತಿಂಗಳು ಡಿಸ್ಚಾರ್ಜ್ ಹೊತ್ತಲ್ಲಿ ಎಷ್ಟು ಬಿಲ್ ಮೇಲೆ ಪೆನ್ನಲ್ಲಿ ಗೆರೆ ಎಳೆದು "ಇಷ್ಟು ತಗೊಳ್ರಪ್ಪ ಸಾಕು" ಅಂತ ಬರೆದ್ರಿ? ಲೆಕ್ಕ ಇಟ್ಟಿರಲ್ಲ, ಯಾರೂ ಇಡಲ್ಲ. ಊರಲ್ಲಿ ಸ್ವಂತ ನರ್ಸಿಂಗ್ ಹೋಂ ಇರೋ ಎಲ್ರೂ ಮಾಡೋ ಕೆಲ್ಸ ಅದು. ಸಿಸೇರಿಯನ್ ಆಗಿರುತ್ತೆ, ಗಂಡ ಎಪಿಎಂಸಿಯಲ್ಲಿ ಹಮಾಲಿ, ಅತ್ತೆ ಕ್ಯಾಶ್ ಕೌಂಟರ್ ಮುಂದೆ ಸೆರಗಿನ ಗಂಟು ಬಿಚ್ಚಿ ನೋಟು ಎಣಿಸ್ತಾ ನಿಂತಿರ್ತಾಳೆ, ನೀವು ರೌಂಡ್ಸ್ ಮುಗಿಸಿ ಇಳಿದು ಬರ್ತಾ ನೋಡ್ತೀರ, ಬಿಲ್ ಇಸ್ಕೊಂಡು ಹೊಡೆದು ಹೋಗ್ತೀರ. ಅರ್ಧ ನಿಮಿಷದ ಕೆಲ್ಸ. ಚೈನ್‌ನವರಿಗೆ ಶೇರ್ ಬರೆದುಕೊಟ್ಟ ಮೇಲೆ ಮೊದಲು ಹೋಗೋದು ಈ ಅರ್ಧ ನಿಮಿಷ.

ಹೇಗೆ ಗೊತ್ತು ಅಂದ್ರೆ ಅದನ್ನ ಕಿತ್ಕೊಳ್ಳೋ ಸೀಟಲ್ಲಿ ನಾನೇ ಕೂತಿದ್ದೆ. ನಾನು ಸರ್ಜನ್, ಒಂಬತ್ತು ವರ್ಷ ಒಂದು ಚೈನ್‌ನಲ್ಲಿ ಕನ್ಸಲ್ಟೆಂಟ್ ಆಗಿದ್ದು ಆಮೇಲೆ ಅಲ್ಲೇ ಮೆಡಿಕಲ್ ಅಡ್ಮಿನಿಸ್ಟ್ರೇಶನ್‌ಗೆ ಹೋದೆ, ಹೆಸರು ಬೇಡ. ನಾವು ಒಂದು ತಾಲೂಕು ಊರಿನ ನರ್ಸಿಂಗ್ ಹೋಂ ತಗೊಂಡ್ವಿ, ಅದನ್ನ ಕಟ್ಟಿದ್ದ ಸರ್ಜನ್ ನನಗಿಂತ ಸೀನಿಯರ್ರು, ಊರಲ್ಲಿ ದೊಡ್ಡ ಹೆಸರು. ಮೊದಲ ನಾಲ್ಕು ತಿಂಗಳು ಹನಿಮೂನ್, ಹೊಸ ಪೇಂಟು, ಹೊಸ ಲಿಫ್ಟು, ಬೋರ್ಡಲ್ಲಿ ಅವ್ರ ಫೋಟೋ. ಐದನೇ ತಿಂಗಳು ಹೊಸ ಸಾಫ್ಟ್‌ವೇರ್ ಬಂತು, ಅದ್ರಲ್ಲಿ ಡಿಸ್ಕೌಂಟ್ ಅನ್ನೋ ಡಬ್ಬಿಯಲ್ಲಿ ನಂಬರ್ ಹೊಡೆದ್ರೆ ಅಪ್ರೂವಲ್‌ಗೆ ಬೆಂಗಳೂರಿಗೆ ಹೋಗುತ್ತೆ. ಒಂದು ಶನಿವಾರ ಮಧ್ಯಾಹ್ನ ಶೇಂಗಾ ಬೆಳೆಯೋ ಒಬ್ಬ ರೈತನ ಅಪೆಂಡಿಕ್ಸ್ ಬಿಲ್ಲಲ್ಲಿ 3,000 ಕಡಿಮೆ ಮಾಡಿ ಅಂತ ಅವ್ರ ರಿಕ್ವೆಸ್ಟ್ ನನ್ನ ಇನ್‌ಬಾಕ್ಸ್‌ಗೆ ಬಂದಿತ್ತು, ನಾನು ಮಗಳ ಸ್ಕೂಲ್ ಡೇನಲ್ಲಿದ್ದೆ, ನೋಡಿದ್ದು ಸೋಮವಾರ ಬೆಳಗ್ಗೆ. ಅಷ್ಟರಲ್ಲಿ ಅವ್ರು ತಮ್ಮ ಜೇಬಿಂದಾನೇ ದುಡ್ಡು ತೆಗೆದು ತಮ್ಮದೇ ಆಸ್ಪತ್ರೆ ಕೌಂಟರಲ್ಲಿ ಕಟ್ಟಿ ರಸೀದಿ ಇಸ್ಕೊಂಡು ಆ ಮನುಷ್ಯನ್ನ ಮನೆಗೆ ಕಳ್ಸಿದ್ರು. ಅವ್ರು ನನ್ನ ಹತ್ರ ಜಗಳಾನೂ ಆಡ್ಲಿಲ್ಲ. ಎರಡನೇ ಸಲ ರಿಕ್ವೆಸ್ಟೇ ಹಾಕ್ಲಿಲ್ಲ.

ನೋಡಿ ಇದ್ರಲ್ಲಿ ಯಾರೂ ಟ್ರೀಟ್‌ಮೆಂಟ್‌ಗೆ ಕೈ ಹಾಕಿಲ್ಲ. ಆಪರೇಷನ್ ಅವ್ರದೇ, ಆಂಟಿಬಯೋಟಿಕ್ ಅವ್ರದೇ, ಡಿಸ್ಚಾರ್ಜ್ ಡೇಟೂ ಅವ್ರದೇ. ಹಾಗಾಗಿ ನಿಮಗೆ ಬರೆದು ಕೊಡ್ತೀವಿ ಅನ್ನೋ ಆ ಕ್ಲಾಸ್, ಅಂದ್ರೆ ಅಗ್ರಿಮೆಂಟಿನ ಷರತ್ತು, ಇದೆಯಲ್ಲ, ಅದು ಸುಳ್ಳಲ್ಲ, ಪಾಲಿಸ್ತಾರೆ ಕೂಡ, ಆದ್ರೆ ಅದ್ರಿಂದ ನಿಮಗೆ ಸಿಗೋದು ಬಹಳ ಕಡಿಮೆ.

ಈಗ ಕಾನೂನು. ನಮ್ಮಲ್ಲಿ ಕಂಪನಿ ಆಸ್ಪತ್ರೆ ಇಟ್ಕೋಬಾರ್ದು, ಡಾಕ್ಟರನ್ನ ಕೆಲ್ಸಕ್ಕಿಟ್ಕೋಬಾರ್ದು ಅನ್ನೋ ಕಾನೂನು ಇಲ್ಲ. 1983ರಲ್ಲಿ ಚೆನ್ನೈನಲ್ಲಿ ಅಪೋಲೊ ಶುರುವಾದಾಗ ಕಂಪನಿ ಆಸ್ಪತ್ರೆ ಅನ್ನೋದೇ ಹೊಸದು, 2000ದಿಂದ ಆಸ್ಪತ್ರೆಗಳಲ್ಲಿ 100% ವಿದೇಶಿ ಬಂಡವಾಳಕ್ಕೂ ಬಾಗಿಲು ತೆರೆದಿದೆ. ನಮ್ಮ ಮಣಿಪಾಲ್ ಆಸ್ಪತ್ರೆಗಳನ್ನೇ ತಗೊಳ್ಳಿ, 2023ರಲ್ಲಿ ಸಿಂಗಾಪುರ ಸರ್ಕಾರದ ಹೂಡಿಕೆ ಕಂಪನಿ ಟೆಮಾಸೆಕ್ ಅದ್ರಲ್ಲಿ ತನ್ನ ಪಾಲನ್ನ 59%ಗೆ ಏರಿಸ್ಕೊಂಡ್ತು. ಇದೆಲ್ಲ ಪೂರ್ತಿ ಕಾನೂನುಬದ್ಧ. ತೊಂದ್ರೆ ಬೇರೆ ಕಡೆ ಇದೆ. 2002ರ ಎಥಿಕ್ಸ್ ರೆಗ್ಯುಲೇಶನ್ ಇದೆಯಲ್ಲ, ರೆಫರಲ್‌ಗೆ ಕಮಿಷನ್ ತಗೋಬಾರ್ದು ಕೊಡಬಾರ್ದು ಅಂತೆಲ್ಲ ಇರೋದು, ಅದು ರಿಜಿಸ್ಟರ್ಡ್ ಡಾಕ್ಟರಿಗೆ ಮಾತ್ರ. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ಹೊಸದು ತಂದು ಅದೇ ತಿಂಗಳಲ್ಲೇ ತಡೆಹಿಡೀತು, ಹಾಗಾಗಿ ಹಳೇದೇ ನಡೀತಿದೆ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ನಿಮ್ಮನ್ನ ಕರೆಸಿ ಕೇಳೋ ಅಧಿಕಾರ ಇದೆ, ನಿಮಗೆ ಟಾರ್ಗೆಟ್ ಕೊಟ್ಟ ಎಂಬಿಎ ಹುಡುಗನ್ನ ಕರೆಸೋ ಅಧಿಕಾರ ಇಲ್ಲ. ಕೆಪಿಎಂಇ, ಅಂದ್ರೆ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕಾಯ್ದೆ, ಆಸ್ಪತ್ರೆಯನ್ನ ನೋಡ್ಕೊಳ್ಳುತ್ತೆ, ಬೆಡ್ಡು, ಸ್ಟಾಫು, ರೇಟ್ ಬೋರ್ಡು. ಡಾಕ್ಟ್ರ ತೀರ್ಮಾನದ ಮೇಲೆ ಮಾಲೀಕ ಎಷ್ಟು ಒತ್ತಡ ಹಾಕಬಹುದು ಅಂತ ಕೇಳೋ ಟೇಬಲ್ ಎಲ್ಲೂ ಇಲ್ಲ. (2017ರ ನವೆಂಬರಲ್ಲಿ ಕೆಪಿಎಂಇ ತಿದ್ದುಪಡಿ ಬೇಡ ಅಂತ ನಾವೆಲ್ಲ ಓಪಿಡಿ ಮುಚ್ಚಿ ಬೆಳಗಾವಿಗೆ ಹೋಗಿದ್ವಲ್ಲ, ಸರ್ಕಾರ ನಮ್ಮ ಮೇಲೆ ಕೂರಬಾರ್ದು ಅಂತ. ಹೂಡಿಕೆದಾರರ ದುಡ್ಡಲ್ಲಿ ಆಸ್ಪತ್ರೆ ಕೊಳ್ಳೋ ಫಂಡ್‌ಗಳು ಬಂದು ಕೂತಾಗ ಒಬ್ರೂ ಶಟರ್ ಎಳೀಲಿಲ್ಲ, ನಾನೂ ಎಳೀಲಿಲ್ಲ.)

ನಿಮ್ಮ ತಮ್ಮ ಹೇಳಿದ್ದು ನಿಜ, ಆದ್ರೆ ಅರ್ಧ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ, ಟೆಕ್ಸಾಸ್ ಅದ್ರಲ್ಲಿ ಬಿಗಿ ಇರೋದು, ಲೈಸೆನ್ಸ್ ಇಲ್ಲದ ಕಂಪನಿ ವೈದ್ಯಕೀಯ ವೃತ್ತಿ ಮಾಡೋಹಾಗಿಲ್ಲ ಅಂತ ಸುಮಾರು ನೂರು ವರ್ಷದಿಂದ ನಿಯಮ ಇದೆ. ಹಾಗಾದ್ರೆ ಅಲ್ಲಿ ಫಂಡ್‌ಗಳು ಸಾವಿರಾರು ಡಾಕ್ಟರನ್ನ ಹೇಗೆ ಇಟ್ಕೊಂಡಿವೆ ಅಂದ್ರೆ, ಪ್ರಾಕ್ಟೀಸ್‌ನ ಒಬ್ಬ ಡಾಕ್ಟರ್ ಹೆಸರಲ್ಲಿ ಬರೆಸ್ತಾರೆ, ಆ ಡಾಕ್ಟರ್ ಕಂಪನಿಗೆ ಬೇಕಾದೋನೇ ಆಗಿರ್ತಾನೆ, ಪಕ್ಕದಲ್ಲಿ ಮ್ಯಾನೇಜ್‌ಮೆಂಟ್ ಕಂಪನಿ ಅಂತ ಇನ್ನೊಂದು ಮಾಡಿ ಬಿಲ್ಲಿಂಗು, ಬಾಡಿಗೆ, ನರ್ಸುಗಳು, ಇನ್ಶೂರೆನ್ಸ್ ಕಾಂಟ್ರಾಕ್ಟು ಎಲ್ಲ ಅದಕ್ಕೆ ಹಾಕ್ತಾರೆ, ಕಂಪನಿ ಹೇಳಿದ ದಿನ ಹೇಳಿದೋರ ಹೆಸರಿಗೆ ಶೇರ್ ಬರೆದುಕೊಡ್ತೀನಿ ಅಂತ ಆ ಡಾಕ್ಟರ್ ಹತ್ರ ಮೊದಲೇ ಸೈನ್ ಹಾಕಿಸ್ಕೊಂಡಿರ್ತಾರೆ. ನಮ್ಮ ಕಡೆ ಇದಕ್ಕೆ ಬೇನಾಮಿ ಅಂತೀವಿ. ನಿಮ್ಮ ಯಜಮಾನ್ರ ಸ್ಪೆಷಾಲಿಟಿಯಲ್ಲೇ ನೋಡಿ, 2023ರಲ್ಲಿ ಅಲ್ಲಿ ವ್ಯಾಪಾರದ ಪೈಪೋಟಿ ಕಾಯೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಟೆಕ್ಸಾಸ್‌ನ ಒಂದು ದೊಡ್ಡ ಅನಸ್ತೀಷಿಯಾ ಗ್ರೂಪ್ ಮೇಲೂ ಅದನ್ನ ಕಟ್ಟಿದ ಫಂಡ್ ಮೇಲೂ ಕೇಸ್ ಹಾಕ್ತು, ಊರೂರಿನ ಅನಸ್ತೀಷಿಯಾ ಪ್ರಾಕ್ಟೀಸ್‌ಗಳನ್ನ ಒಂದೊಂದಾಗಿ ಕೊಂಡು ರೇಟ್ ಏರಿಸಿದ್ರು ಅಂತ ಆರೋಪ. ಈ ಬೇನಾಮಿ ದಾರಿ ಮುಚ್ಚೋಕೆ ಅಂತಾನೇ ಆರೆಗಾನ್ ರಾಜ್ಯ 2025ರಲ್ಲಿ ಹೊಸ ಕಾನೂನು ಮಾಡ್ತು. ಅಂದ್ರೆ ನಿಯಮ ಇದ್ದ ಕಡೆಯೇ ಈ ಕಥೆ, ನಮ್ಮಲ್ಲಿ ನಿಯಮಾನೇ ಇಲ್ಲದಿರೋದ್ರಿಂದ ನಿಮಗೆ ಅಗ್ರಿಮೆಂಟ್ ಬಿಟ್ರೆ ಬೇರೆ ರಕ್ಷಣೆ ಇಲ್ಲ.

ಒತ್ತಡ ಹೇಗೆ ಬರುತ್ತೆ ಅಂತ ಹೇಳ್ತೀನಿ, ಸಿನಿಮಾದಲ್ಲಿ ತೋರಿಸೋ ಥರ ಯಾರೂ ಬಂದು "ಈ ಪೇಶೆಂಟ್‌ಗೆ ಸಿಸೇರಿಯನ್ ಮಾಡಿ" ಅನ್ನಲ್ಲ. ತಿಂಗಳ ಮೊದಲ ವಾರ ಒಂದು ರಿವ್ಯೂ ಮೀಟಿಂಗ್ ಇರುತ್ತೆ. ಪ್ರೊಜೆಕ್ಟರಲ್ಲಿ ಎಲ್ಲ ಡಾಕ್ಟ್ರ ಹೆಸರು ಸಾಲಾಗಿ, ಎದುರಿಗೆ ಓಪಿ (ತೋರಿಸ್ಕೊಂಡು ಹೋಗೋರು) ಎಷ್ಟು, ಅದ್ರಲ್ಲಿ ಐಪಿಗೆ (ಅಡ್ಮಿಟ್) ಕನ್ವರ್ಷನ್ ಎಷ್ಟು, ಒಬ್ಬ ಪೇಶೆಂಟ್ ಎಷ್ಟು ದಿನ ಇದ್ದ, ಆಮೇಲೆ ಆರ್ಪಾಬ್, ಅಂದ್ರೆ ಪೇಶೆಂಟ್ ಇರೋ ಒಂದು ಬೆಡ್ಡಿಂದ ದಿನಕ್ಕೆ ಎಷ್ಟು ದುಡ್ಡು ಬಂತು ಅಂತ. ಹಸಿರು, ಹಳದಿ, ಕೆಂಪು ಬಣ್ಣ ಬೇರೆ ಹಚ್ಚಿರ್ತಾರೆ. ಯಾರೂ ಬೈಯಲ್ಲ. "ಮೇಡಂ ಈ ತಿಂಗಳು ಸ್ವಲ್ಪ ಡಲ್ಲು ಅಲ್ವಾ" ಅಂತ ಯೂನಿಟ್ ಹೆಡ್ ನಗ್ತಾ ಕೇಳ್ತಾನೆ, ವಯಸ್ಸು ನಿಮ್ಮ ಮಗನಷ್ಟಿರುತ್ತೆ. ಸ್ಕೂಲಲ್ಲಿ ರ‍್ಯಾಂಕ್ ಬಂದು ಬೆಳೆದ ಜನ ನಾವು, ಕೆಂಪು ಬಣ್ಣ ನೋಡಿದ್ರೆ ನಿದ್ದೆ ಬರಲ್ಲ. ಮುಂದಿನ ತಿಂಗಳು ಓಪಿಯಲ್ಲಿ ಒಬ್ಬಳು ಗರ್ಭಿಣಿ ಸಣ್ಣ ಹೊಟ್ಟೆನೋವು ಅಂತ ಬಂದ್ರೆ ಮನೆಗೆ ಕಳ್ಸಬಹುದಾದೋಳನ್ನ "ಒಂದು ದಿನ ಅಬ್ಸರ್ವೇಶನಲ್ಲಿ ಇರಲಿ" ಅಂತ ಬರೀತೀವಿ, ಅದಕ್ಕೆ ವೈದ್ಯಕೀಯ ಕಾರಣಾನೂ ಸಿಗುತ್ತೆ, ಯಾವಾಗ್ಲೂ ಸಿಗುತ್ತೆ. ನಾನೇ ಬರೆದಿದೀನಿ.

ಇನ್ನೊಂದು ಫಾರ್ಮುಲರಿ, ಅಂದ್ರೆ ಆಸ್ಪತ್ರೆ ಫಾರ್ಮಸಿಯಲ್ಲಿ ಯಾವ ಬ್ರ್ಯಾಂಡ್ ಇರಬೇಕು ಅನ್ನೋ ಪಟ್ಟಿ. ನೀವು ಮಾಲಿಕ್ಯೂಲ್, ಅಂದ್ರೆ ಔಷಧಿಯ ಮೂಲ ಹೆಸರು, ಬರೀತೀರ, ಬ್ರ್ಯಾಂಡು ಅವ್ರು ತೀರ್ಮಾನ ಮಾಡ್ತಾರೆ, ಎಂಆರ್‌ಪಿ ಜಾಸ್ತಿ ಇರೋದು, ಅವ್ರಿಗೆ ಕಡಿಮೆಗೆ ಸಿಗೋದು. 2018ರಲ್ಲಿ ಔಷಧಿ ಬೆಲೆ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಎನ್‌ಪಿಪಿಎ ದೆಹಲಿ ಸುತ್ತಮುತ್ತಲ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ತೆಗೆದು ನೋಡಿದಾಗ ಔಷಧಿ, ಸಿರಿಂಜು, ಇತ್ಯಾದಿ ಐಟಂಗಳ ಮೇಲೆ 1,737%ವರೆಗೆ ಮಾರ್ಜಿನ್ ಸಿಕ್ಕಿತ್ತು. ಒಬ್ಬ ಡಾಕ್ಟ್ರೂ ಆ ರೇಟ್ ಹಾಕಿರಲ್ಲ, ಆದ್ರೆ ಪ್ರತಿಯೊಂದು ಐಟಂ ಒಬ್ಬ ಡಾಕ್ಟ್ರ ಸೈನ್ ಮೇಲೇ ವಾರ್ಡಿಗೆ ಹೋಗಿರುತ್ತೆ. ಪೇಶೆಂಟ್ ಕಡೆಯೋರು ಬೈಯೋದೂ ಅವ್ರಿಗೇ.

ಅಲ್ಲಿ ಇಲ್ಲಿ ಎಂಬಿಎಗಳನ್ನ ಬೈದು ಕೈ ತೊಳ್ಕೊಳ್ಳೋದೂ ಸರಿ ಅಲ್ಲ, ಅದಕ್ಕೇ ಇದನ್ನೂ ಹೇಳ್ಬೇಕು. ಸ್ವಂತ ನರ್ಸಿಂಗ್ ಹೋಂ ಅಂದ್ರೆ ಸ್ವಾತಂತ್ರ್ಯ ಅಂತ ನಾವು ನಾವೇ ಹೇಳ್ಕೊಳ್ತೀವಿ, ನಿಜಾನಾ? ಬ್ಯಾಂಕ್ ಇಎಂಐ ಇರುತ್ತೆ, ಹಳ್ಳಿಯಿಂದ ಪೇಶೆಂಟ್ ಕಳ್ಸೋ ಆರ್‌ಎಂಪಿಗೆ (ಹಳ್ಳಿ ಡಾಕ್ಟ್ರು ಅಂತ ಕರೆಸ್ಕೊಳ್ಳೋನು) ಕಮಿಷನ್ ಕೊಡ್ಲಿಲ್ಲ ಅಂದ್ರೆ ಅವ್ನು ಪಕ್ಕದ ಬೀದಿಗೆ ಕಳ್ಸ್ತಾನೆ, ಟಿಪಿಎ, ಅಂದ್ರೆ ಇನ್ಶೂರೆನ್ಸ್ ಕ್ಲೇಮ್ ನೋಡೋ ಏಜೆನ್ಸಿಯ ದುಡ್ಡು ಮೂರು ತಿಂಗಳು ತಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೆಯಲ್ಲಿ (ಎನ್‌ಎಫ್‌ಎಚ್‌ಎಸ್) ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಯಲ್ಲಿ 47.4% ಸಿಸೇರಿಯನ್, ಸರ್ಕಾರಿಯಲ್ಲಿ 14.3%. ಆ ಖಾಸಗಿ ಲೆಕ್ಕದಲ್ಲಿ ಚೈನ್ ಆಸ್ಪತ್ರೆಗಳು ಮಾತ್ರ ಇಲ್ಲ ಮೇಡಂ, ನಿಮ್ಮಂಥ ನಮ್ಮಂಥೋರ ನರ್ಸಿಂಗ್ ಹೋಂಗಳೂ ಇವೆ. ದುಡ್ಡಿನ ಒತ್ತಡ ಇಬ್ರಿಗೂ ಇದೆ. ವ್ಯತ್ಯಾಸ ಏನಂದ್ರೆ ನಿಮ್ಮ ಒತ್ತಡ ನಿಮಗೆ ಗೊತ್ತು, ಈ ತಿಂಗಳು ಪರ್ವಾಗಿಲ್ಲ ಅಂತ ನೀವೇ ಬಿಡಬಹುದು, ಆ ರೈತನ 3,000 ಬಿಡಬಹುದು. ಅಲ್ಲಿ ಬಿಡೋನು ಯಾರು ಅಂತಾನೇ ಗೊತ್ತಾಗಲ್ಲ, ಯೂನಿಟ್ ಹೆಡ್‌ಗೆ ಮೇಲೆ ರೀಜನಲ್ ಹೆಡ್, ಅವ್ನಿಗೆ ಮೇಲೆ ಬೋರ್ಡು, ಬೋರ್ಡಿಗೆ ಮೇಲೆ ಫಂಡು, ಫಂಡಿಗೆ ಮೇಲೆ ಎಲ್ಲೋ ಕೆನಡಾದ ಮೇಷ್ಟ್ರುಗಳ ಪೆನ್ಶನ್ ದುಡ್ಡು ಇರುತ್ತೆ, ತಮಾಷೆ ಅಲ್ಲ.

ಚೈನ್‌ನವರಿಂದ ಒಳ್ಳೇದೂ ಆಗುತ್ತೆ, ಇನ್ಫೆಕ್ಷನ್ ಕಂಟ್ರೋಲು, ಬ್ಲಡ್ ಬ್ಯಾಂಕ್ ಟೈಅಪ್ಪು, ರಾತ್ರಿ ಎರಡಕ್ಕೆ ಹೆರಿಗೆ ಆದ್ಮೇಲೆ ರಕ್ತ ನಿಲ್ಲದ (ಪಿಪಿಎಚ್) ಕೇಸ್ ಕೆಟ್ಟಾಗ ಆಂಬ್ಯುಲೆನ್ಸು, ಕಾರ್ಪೊರೇಟರ್ ಕಡೆಯೋರು ಗಲಾಟೆಗೆ ಬಂದ್ರೆ ಮುಂದೆ ನಿಲ್ಲೋಕೆ ಸೆಕ್ಯೂರಿಟಿ. ಯಜಮಾನ್ರ ಸುಸ್ತು ನನಗೆ ಚೆನ್ನಾಗಿ ಅರ್ಥ ಆಗುತ್ತೆ. ಆದ್ರೆ ಮಾಲೀಕ ಬದಲಾದ ಕೂಡ್ಲೇ ಕ್ವಾಲಿಟಿ ಏರುತ್ತೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ. 2023ರ ಕೊನೆಯಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಸ್ಟಡಿ, ಅಮೆರಿಕದಲ್ಲಿ ಪ್ರೈವೇಟ್ ಈಕ್ವಿಟಿ ಫಂಡ್‌ಗಳು ಕೊಂಡ 51 ಆಸ್ಪತ್ರೆ ನೋಡಿದ್ದು, ಅಲ್ಲಿ ಪೇಶೆಂಟ್ ಬೀಳೋದು, ದೊಡ್ಡ ರಕ್ತನಾಳಕ್ಕೆ ಹಾಕೋ ಸೆಂಟ್ರಲ್ ಲೈನ್ ಇನ್ಫೆಕ್ಷನ್, ಇಂಥ ಆಸ್ಪತ್ರೆಯಲ್ಲೇ ಆಗೋ ತೊಂದ್ರೆಗಳು ಬೇರೆ ಆಸ್ಪತ್ರೆಗಳಿಗೆ ಹೋಲಿಸಿದ್ರೆ ಸುಮಾರು 25% ಜಾಸ್ತಿ ಆಗಿದ್ವು.

ನಾನ್ ಕಾಂಪೀಟ್‌ಗೆ ಬರ್ತೀನಿ, ಇಲ್ಲಿ ನಿಮ್ಮ ಗ್ರೂಪಿನೋರು ನಿಮ್ಮನ್ನ ಗುಂಡಿಗೆ ತಳ್ತಿದಾರೆ. 1872ರ ಕಾಂಟ್ರಾಕ್ಟ್ ಕಾಯ್ದೆಯ ಸೆಕ್ಷನ್ 27, ಯಾರನ್ನೂ ವೃತ್ತಿ ಮಾಡಬೇಡ ಅಂತ ಕಟ್ಟಿಹಾಕೋ ಕರಾರು ನಡೆಯಲ್ಲ ಅನ್ನುತ್ತೆ, ಸರಿ. ಕೆಲ್ಸಕ್ಕಿದ್ದ ಡಾಕ್ಟರ್ ಬಿಟ್ಟು ಎದುರು ಬೀದಿಯಲ್ಲಿ ಕ್ಲಿನಿಕ್ ಹಾಕಿದ್ರೆ ನಮ್ಮ ಕೋರ್ಟ್‌ಗಳು ಸಾಮಾನ್ಯವಾಗಿ ತಡೆಯಲ್ಲ. ಆದ್ರೆ ಆ ಸೆಕ್ಷನ್ ಕೆಳಗೇ ಒಂದು ಎಕ್ಸೆಪ್ಶನ್ ಇದೆ, ಅದನ್ನ ಗ್ರೂಪಲ್ಲಿ ಯಾರೂ ಫಾರ್ವರ್ಡ್ ಮಾಡಲ್ಲ. ವ್ಯಾಪಾರದ ಗುಡ್‌ವಿಲ್, ಅಂದ್ರೆ ಗಳಿಸಿದ ಹೆಸರು, ಮಾರಿದೋನು, ಕೊಂಡೋನು ಅದೇ ವ್ಯಾಪಾರ ನಡೆಸ್ತಿರೋವರೆಗೆ ಇಂತಿಷ್ಟು ಸುತ್ತಳತೆಯಲ್ಲಿ ನಾನು ಅದನ್ನ ಮಾಡಲ್ಲ ಅಂತ ಒಪ್ಪಿದ್ರೆ, ಆ ಮಿತಿ ನ್ಯಾಯವಾಗಿದ್ರೆ, ಅದು ನಡೆಯುತ್ತೆ. ನೀವು ಇಲ್ಲಿ ಬರೀ ಕನ್ಸಲ್ಟೆಂಟ್ ಅಲ್ಲ, ಮಾರ್ತಿರೋರೂ ನೀವೇ. ಅವ್ರ ಲಾಯರ್‌ಗೆ ಇದು ಚೆನ್ನಾಗಿ ಗೊತ್ತಿರುತ್ತೆ, ಅದಕ್ಕೇ ನಾನ್ ಕಾಂಪೀಟನ್ನ ಕನ್ಸಲ್ಟೆನ್ಸಿ ಅಗ್ರಿಮೆಂಟಲ್ಲಿ ಮಾತ್ರ ಅಲ್ಲ, ಶೇರ್ ಪರ್ಚೇಸ್ ಅಗ್ರಿಮೆಂಟಲ್ಲೂ ಇಡ್ತಾರೆ, ಗುಡ್‌ವಿಲ್‌ಗೆ ಇಷ್ಟು ಅಂತ ಬೆಲೆನೂ ಬರೀತಾರೆ. ಮೂರು ವರ್ಷದ ನಂತರ ಮನಸ್ಸು ಮುರಿದು ಹೊಳಲ್ಕೆರೆ ರಸ್ತೆಯಲ್ಲಿ ಸಣ್ಣದಾಗಿ ಒಂದು ಮೆಟರ್ನಿಟಿ ಹೋಂ ಹಾಕ್ತೀನಿ ಅಂದ್ರೆ ಅವತ್ತು ಕೋರ್ಟು ನಿಮ್ಮನ್ನ ನೌಕರಳ ಥರ ನೋಡಲ್ಲ. ಹಾಗಾಗಿ ಸುತ್ತಳತೆ ಎಷ್ಟು ಕಿಲೋಮೀಟರು, ಎಷ್ಟು ವರ್ಷ, ಅವ್ರೇ ನಿಮ್ಮನ್ನ ತೆಗೆದ್ರೆ ಆಗ್ಲೂ ಅನ್ವಯ ಆಗುತ್ತಾ, ಈ ಮೂರು ಕೇಳಿ. ಕೊನೇದು ಮುಖ್ಯ. ಅವ್ರೇ ಹೊರಗೆ ಹಾಕಿದ್ರೆ ನಾನ್ ಕಾಂಪೀಟ್ ಬಿದ್ದುಹೋಗುತ್ತೆ ಅಂತ ಬರೆಸಿ.

ಯಾಕಂದ್ರೆ ಕನ್ಸಲ್ಟೆನ್ಸಿ ಅಗ್ರಿಮೆಂಟಲ್ಲಿ ಎಲ್ಲೋ ಕೊನೆಯ ಪುಟದಲ್ಲಿ "ಯಾವುದೇ ಕಾರಣ ಕೊಡದೆ 90 ದಿನದ ನೋಟಿಸ್‌ನಲ್ಲಿ ಎರಡೂ ಕಡೆಯೋರು ಮುಗಿಸಬಹುದು" ಅಂತ ಒಂದು ಸಾಲು ಇದ್ದೇ ಇರುತ್ತೆ. ನೋಡೋಕೆ ಎರಡೂ ಕಡೆಗೆ ಸಮ. ನನ್ನ ಅನುಭವದಲ್ಲಿ ಡಾಕ್ಟ್ರ ಸ್ವಾತಂತ್ರ್ಯದ ಬಗ್ಗೆ ಇರೋ ನಿಜವಾದ ಕ್ಲಾಸ್ ಇದೊಂದೇ. ತೊಂಬತ್ತು ದಿನದಲ್ಲಿ ತೆಗೀಬಹುದು ಅಂದ್ಮೇಲೆ "ಕೈ ಹಾಕಲ್ಲ" ಅನ್ನೋ ಪುಟಕ್ಕೆ ಏನು ಬೆಲೆ? ಮೀಟಿಂಗಲ್ಲಿ ಇಲ್ಲ ಅನ್ನೋಕೆ ಧೈರ್ಯ ಬರೋದು ನಾಳೆನೂ ಇಲ್ಲೇ ಇರ್ತೀನಿ ಅನ್ನೋನಿಗೆ ಮಾತ್ರ. ಅಮೆರಿಕದ ಎಮರ್ಜೆನ್ಸಿ ಡಾಕ್ಟ್ರುಗಳ ದೊಡ್ಡ ದೂರೂ ಇದೇ, ಸ್ಟಾಫ್ ಸಾಲಲ್ಲ ಅಂತ ಬಾಯಿ ಬಿಟ್ಟೋರನ್ನ ವಿಚಾರಣೆ ಇಲ್ಲದೆ ಶಿಫ್ಟ್ ಪಟ್ಟಿಯಿಂದ ತೆಗೀತಾರೆ ಅಂತ. ನೀವು ಕೇಳಬೇಕಾದ್ದು, ಕಾರಣ ಕೊಟ್ಟು, ಮೂರು ಜನ ಡಾಕ್ಟರ್ ಕಮಿಟಿ ಮುಂದೆ ನಿಮಗೆ ಮಾತಾಡೋಕೆ ಅವಕಾಶ ಕೊಟ್ಟೇ ತೆಗೀಬೇಕು, ಕಮಿಟಿಯಲ್ಲಿ ಒಬ್ರು ನೀವು ಹೇಳಿದೋರು. ಒಪ್ತಾರಾ? ಕಷ್ಟ. ಆದ್ರೆ ಈಗ ಅವ್ರಿಗೆ ನೀವು ಬೇಕು, ಕೇಳೋಕೆ ಇದಕ್ಕಿಂತ ಒಳ್ಳೆ ಟೈಮ್ ಬರಲ್ಲ.

ಎಂಜಿ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ರಿಗೂ ಗೊತ್ತಿರೋದೇ. ಮಿನಿಮಮ್ ಗ್ಯಾರಂಟಿ ಅಂದ್ರೆ ಮೂರು ವರ್ಷ ನಿಮ್ಮ ಬಿಲ್ಲಿಂಗ್ ಎಷ್ಟೇ ಇರಲಿ ಇಷ್ಟು ಕೊಡ್ತಾರೆ, ನಾಲ್ಕನೇ ವರ್ಷ ಫೀ ಫಾರ್ ಸರ್ವಿಸ್, ಬಿಲ್ಲಾದಷ್ಟು ಪಾಲು. ಕೆಂಪು ಬಣ್ಣ ನಿಜವಾಗಿ ಚುಚ್ಚೋದು ಆ ನಾಲ್ಕನೇ ವರ್ಷದಿಂದ. ಸಂಬಳ ಅಲ್ಲ ಇದು, 10% ಟಿಡಿಎಸ್ ಹಿಡಿದು ಕೊಡೋ ಪ್ರೊಫೆಷನಲ್ ಫೀಸು, ಕನ್ಸಲ್ಟೆಂಟ್ ಡಾಕ್ಟರ್ ನೌಕರ ಅಲ್ಲ ಅಂತ ನಮ್ಮ ಹೈಕೋರ್ಟೇ ಮಣಿಪಾಲ್ ಹೆಲ್ತ್ ಸಿಸ್ಟಮ್ಸ್‌ನ ಟ್ಯಾಕ್ಸ್ ಕೇಸಲ್ಲಿ ಹೇಳಿದೆ. ಪಿಎಫ್ ಇಲ್ಲ, ಗ್ರ್ಯಾಚುಟಿ ಇಲ್ಲ. ಕನ್ಸ್ಯೂಮರ್ ಕೇಸ್ ಬಿದ್ರೆ ಆಸ್ಪತ್ರೆ "ಅವ್ರು ನಮ್ಮ ನೌಕರರಲ್ಲ" ಅಂತ ಜಾರ್ಕೊಳ್ಳೋಕಾಗಲ್ಲ, ಅದನ್ನ ಸುಪ್ರೀಂ ಕೋರ್ಟ್ 2004ರ ಸವಿತಾ ಗರ್ಗ್ ಕೇಸಲ್ಲೇ ಮುಚ್ಚಿದೆ, ಅದೊಂದು ಸಮಾಧಾನ. ಆದ್ರೆ ಆಮೇಲೆ ಆ ದುಡ್ಡನ್ನ ನಿಮ್ಮಿಂದ ವಸೂಲಿ ಮಾಡೋ ಇಂಡೆಮ್ನಿಟಿ (ನಷ್ಟ ತುಂಬಿಕೊಡೋ) ಕ್ಲಾಸ್ ಇದೆಯಾ ನೋಡಿ.

ಈಗ 51%. ನಿಮ್ದು ಪಾರ್ಟ್ನರ್‌ಶಿಪ್ ಆಗಿದ್ರೆ ಮೊದಲು ಅದನ್ನ ಪ್ರೈವೇಟ್ ಲಿಮಿಟೆಡ್ ಮಾಡಿಸ್ತಾರೆ, ಆಮೇಲೆ ಶೇರು. ನಿಮ್ಮ ಹತ್ರ 49% ಉಳಿಯುತ್ತೆ, ಅರ್ಧಕ್ಕೆ ಒಂದೇ ಕಮ್ಮಿ ಅಂತ ಅನ್ಸುತ್ತೆ. ಲಾಭ ಹಂಚಬೇಕಾ ಬೇಡ್ವಾ ಅನ್ನೋದು ಬೋರ್ಡು, ಬೋರ್ಡು ಅವ್ರದು. ಎರಡನೇ ವರ್ಷ ಹೃದಯದ ಚಿಕಿತ್ಸೆಗೆ ಕ್ಯಾತ್ ಲ್ಯಾಬ್ ಹಾಕ್ತೀವಿ ಎಲ್ರೂ ದುಡ್ಡು ಹಾಕಿ ಅಂತಾರೆ, ನೀವು ನಿಮ್ಮ ಪಾಲಿನ ಕೋಟಿಗಳನ್ನ ತರಲಿಲ್ಲ ಅಂದ್ರೆ 49 ಹೋಗಿ 30 ಆಗುತ್ತೆ, ಇನ್ನೊಂದು ರೌಂಡ್ ಆದ್ರೆ 18. 25%ಗಿಂತ ಜಾಸ್ತಿ ಇದ್ರೆ ಸ್ಪೆಷಲ್ ರೆಸಲ್ಯೂಶನ್, ಅಂದ್ರೆ ಮುಕ್ಕಾಲು ಪಾಲು ಮತ ಬೇಕಾದ ದೊಡ್ಡ ತೀರ್ಮಾನ, ತಡೆಯೋ ಶಕ್ತಿ ಇರುತ್ತೆ, ಅದ್ರ ಕೆಳಗೆ ಹೋದ್ರೆ ಅದೂ ಇಲ್ಲ. ಕಂಪನಿ ಕಾನೂನಿನ ಈ ಗಣಿತ ನಮಗೆ ಯಾವ ಮೆಡಿಕಲ್ ಕಾಲೇಜಲ್ಲೂ ಹೇಳ್ಕೊಟ್ಟಿಲ್ಲ.

ಆಮೇಲೆ ಡ್ರ್ಯಾಗ್ ಅಲಾಂಗ್ ಅನ್ನೋದು, ಅವ್ರು ಮಾರುವಾಗ ನಿಮ್ಮ ಪಾಲನ್ನೂ ಅದೇ ರೇಟಿಗೆ ಮಾರಲೇಬೇಕು ಅಂತ. ಇವತ್ತು ನಿಮ್ಮ ಮುಂದೆ ಕೂತು ಟೀ ಕುಡೀತಿರೋ ಒಳ್ಳೆ ಮನುಷ್ಯ ಐದು ವರ್ಷ ಆದ್ಮೇಲೆ ಇರಲ್ಲ, ಫಂಡ್‌ಗಳ ಲೆಕ್ಕಾನೇ ಹಾಗೆ, ಕೊಳ್ಳೋದೇ ಮಾರೋಕೆ. ಬೆಂಗಳೂರಿನ ಎಚ್‌ಸಿಜಿ ಕ್ಯಾನ್ಸರ್ ಆಸ್ಪತ್ರೆ ನೋಡಿ, ಒಬ್ಬ ಆಂಕಾಲಜಿಸ್ಟ್ ಕಟ್ಟಿದ್ದು, 2020ರಲ್ಲಿ ಸಿವಿಸಿ ಫಂಡ್ ಬಂತು, 2025ರಲ್ಲಿ ಅದನ್ನ ಕೆಕೆಆರ್‌ಗೆ ಮಾರೋ ಒಪ್ಪಂದ ಆಯ್ತು. ತಪ್ಪು ಅಂತ ಅಲ್ಲ, ನಿಮ್ಮ ಮಾಲೀಕ ಯಾರಾಗ್ತಾರೆ ಅಂತ ಇವತ್ತು ನಿಮಗೂ ಗೊತ್ತಿಲ್ಲ, ಅವ್ರಿಗೂ ಗೊತ್ತಿಲ್ಲ.

ಜಾಗ ಮಾತ್ರ ಯಾವ ಕಾರಣಕ್ಕೂ ಕಂಪನಿಗೆ ಹಾಕಬೇಡಿ. ಮ್ಯಾಸಚೂಸೆಟ್ಸ್‌ನಲ್ಲಿ ಸ್ಟೀವರ್ಡ್ ಅಂತ ಒಂದು ಗ್ರೂಪ್ ಇತ್ತು, 2010ರಲ್ಲಿ ಒಂದು ಫಂಡು ಅಲ್ಲಿನ ಚರ್ಚ್ ಆಸ್ಪತ್ರೆಗಳನ್ನ ಕೊಂಡು ಕಟ್ಟಿದ್ದು, 2016ರಲ್ಲಿ ನೆಲ ಕಟ್ಟಡ ಎಲ್ಲ ಬೇರೆ ಕಂಪನಿಗೆ ಮಾರಿ ತಮ್ಮದೇ ಕಟ್ಟಡಕ್ಕೆ ತಾವೇ ಬಾಡಿಗೆ ಕಟ್ಟೋಕೆ ಶುರು ಮಾಡಿದ್ರು, 2024ರ ಮೇನಲ್ಲಿ ದಿವಾಳಿ, ಆಗಸ್ಟ್ ಕೊನೆಗೆ ಎರಡು ಆಸ್ಪತ್ರೆಗೆ ಬೀಗ. ಆ ಊರಿನ ಡಾಕ್ಟ್ರುಗಳು ಏನೂ ತಪ್ಪು ಮಾಡಿರ್ಲಿಲ್ಲ. ಜಾಗ ನಿಮ್ಮ ಹೆಸರಲ್ಲೇ ಇದ್ದು ಅವ್ರಿಗೆ ಲೀಸ್ ಆದ್ರೆ, ಎಲ್ಲ ಕೆಟ್ಟ ದಿನ ನಿಮ್ಮ ಕೈಯಲ್ಲಿ ಒಂದು ಬೀಗದಕೈ ಆದ್ರೂ ಉಳಿಯುತ್ತೆ.

ನನ್ನ ಸಲಹೆ ಕೇಳಿದ್ರೆ, 51ಕ್ಕೆ ಮಾತ್ರ ಹೋಗಬೇಡಿ. ಅರ್ಧ ಮಾರಿದೋರು ಕೆಟ್ಟದ್ದು ಎರಡನ್ನೂ ಅನುಭವಿಸ್ತಾರೆ, ಮಾಲೀಕರ ರಿಸ್ಕೂ ಇರುತ್ತೆ, ನೌಕರರ ಹಂಗೂ ಇರುತ್ತೆ. ಯಜಮಾನ್ರು ನಿಜವಾಗ್ಲೂ ಸಾಕು ಅಂದ್ರೆ ಜಾಗ ಇಟ್ಕೊಂಡು ವ್ಯವಹಾರ ಪೂರ್ತಿ ಕೊಟ್ಟು ಪೂರ್ತಿ ಬೆಲೆ ಇಸ್ಕೊಳ್ಳಿ, ದುಡ್ಡನ್ನ ಅರ್ನ್ ಔಟ್ ಅಂತ ಮುಂದಿನ ವರ್ಷಗಳ ಲಾಭಕ್ಕೆ ಕಟ್ಟಿಹಾಕೋಕೆ ಬಿಡಬೇಡಿ, ಅದು ಟಾರ್ಗೆಟ್‌ಗೆ ಇನ್ನೊಂದು ಹೆಸರು. ಆಮೇಲೆ ನೀವು ಬೇಕಿದ್ರೆ ಕನ್ಸಲ್ಟೆಂಟ್ ಆಗಿ, ಕಣ್ಣು ತೆರೆದು. ಸುಸ್ತಿಗೆ ಕಾರಣ ಬರೀ ನೈಟ್ ಕಾಲು, ಸ್ಟಾಫ್ ಗಲಾಟೆ, ಟಿಪಿಎ ಪೇಪರ್ ಆಗಿದ್ರೆ, ಲ್ಯಾಬು ಫಾರ್ಮಸಿ ಹೊರಗೆ ಕೊಟ್ಟು, ಒಬ್ಬ ಒಳ್ಳೆ ಮ್ಯಾನೇಜರ್‌ನ ಇಟ್ಟು, ಊರಿನ ಇನ್ನಿಬ್ರು ಡಾಕ್ಟರನ್ನ ಪಾಲುದಾರರನ್ನಾಗಿ ತಗೊಳ್ಳೋದು ಅಗ್ಗ. ಚಿತ್ರದುರ್ಗದಲ್ಲಿ 35 ಬೆಡ್ಡು ಅವ್ರಿಗೆ ಯಾಕೆ ಬೇಕು ಅಂತ ಯೋಚಿಸಿದೀರಾ? ಹೈವೇ ಹಿಡಿದ್ರೆ ಬೆಂಗಳೂರು ಸುಮಾರು 200 ಕಿಲೋಮೀಟರ್ರು, ದೊಡ್ಡ ಕೇಸ್‌ಗಳೆಲ್ಲ ಅಲ್ಲಿನ ಮೇನ್ ಯೂನಿಟ್‌ಗೆ ಹೋಗಲಿ ಅಂತ. ನಿಮ್ಮದು ಫೀಡರ್. ದಾವಣಗೆರೆ 60 ಕಿಲೋಮೀಟರಲ್ಲೇ ಇದೆ, ರಕ್ತ ಹೋಗ್ತಿರೋ ಹೆಂಗಸನ್ನ ಎಲ್ಲಿಗೆ ಕಳ್ಸಬೇಕು ಅನ್ನೋ ತೀರ್ಮಾನ ನಿಮ್ದೇ ಆಗಿರುತ್ತಾ ಅಂತ ನೇರವಾಗಿ ಕೇಳಿ, ಉತ್ತರವನ್ನ ಅಗ್ರಿಮೆಂಟಲ್ಲಿ ಹಾಕಿಸಿ. ಹಾಗೇ ಆಯುಷ್ಮಾನ್ ಆರೋಗ್ಯ ಕರ್ನಾಟಕ, ಯಶಸ್ವಿನಿ ಕಾರ್ಡ್‌ನ ಪೇಶೆಂಟುಗಳನ್ನ ನೀವು ತಗೊಳ್ತಿದ್ರೆ ಅದನ್ನ ನಿಲ್ಲಿಸೋಕೆ ನಿಮ್ಮ ಒಪ್ಪಿಗೆ ಬೇಕು ಅಂತ, ಮತ್ತೆ ತಿಂಗಳ ಬಿಲ್ಲಿಂಗಲ್ಲಿ ಇಷ್ಟು ಪರ್ಸೆಂಟ್ ವರೆಗೆ ಯಾರನ್ನೂ ಕೇಳದೆ ಡಿಸ್ಕೌಂಟ್ ಕೊಡೋ ಅಧಿಕಾರ ನಿಮ್ದು ಅಂತ, ಪರ್ಸೆಂಟ್ ನಂಬರ್ ಸಮೇತ. ನಾನು ನೋಡಿಕೊಟ್ಟ ಎರಡು ಅಗ್ರಿಮೆಂಟಲ್ಲಿ ಈ ಕೊನೇದು ಹಾಕಿಸೋಕಾಯ್ತು, ಒಂದ್ರಲ್ಲಿ 3%, ಇನ್ನೊಂದ್ರಲ್ಲಿ 5%. ಚೈನ್‌ನವರಿಗೆ ಅದು ದೊಡ್ಡ ದುಡ್ಡಲ್ಲ, ಕೇಳಿದೋರಿಲ್ಲ ಅಷ್ಟೇ.

ಇನ್ನೊಂದು, ಅವಸರದಲ್ಲಿ ಎಲ್ರೂ ಮರೆಯೋದು, ನಿಮ್ಮ ಸ್ಕ್ಯಾನಿಂಗ್ ರೂಂ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ (ಪಿಸಿಪಿಎನ್‌ಡಿಟಿ) ಸರ್ಟಿಫಿಕೇಟ್ ಬೇರೆಯೋರಿಗೆ ವರ್ಗ ಆಗಲ್ಲ, ಮಾಲೀಕತ್ವ ಅಥವಾ ಮ್ಯಾನೇಜ್‌ಮೆಂಟ್ ಬದಲಾದ್ರೆ ಎರಡೂ ಕಾಪಿ ವಾಪಸ್ ಒಪ್ಪಿಸಿ ಹೊಸದಾಗಿ ಅರ್ಜಿ ಹಾಕಬೇಕು ಅಂತ ರೂಲ್ ಇದೆ. ಹೊಸ ರಿಜಿಸ್ಟ್ರೇಶನ್ ಬರೋವರೆಗೆ ಪ್ರೋಬ್ ಮುಟ್ಟಿದ್ರೆ ಕ್ರಿಮಿನಲ್ ಕೇಸು, ಅದು ನಿಮ್ಮ ಹೆಸರಿಗೆ ಬೀಳುತ್ತೆ, ಶೇರ್ ಕೊಂಡೋರಿಗೆ ಮಾತ್ರ ಅಲ್ಲ. ಕೆಪಿಎಂಇ ಸರ್ಟಿಫಿಕೇಟ್ ಬಗ್ಗೆನೂ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಓ) ಆಫೀಸಲ್ಲಿ ಮೊದಲೇ ವಿಚಾರಿಸಿ. ಹಳೇ ಕೇಸ್ ಶೀಟ್‌ಗಳನ್ನ ಕನಿಷ್ಠ ಮೂರು ವರ್ಷ ಇಡಬೇಕು, ಪೇಶೆಂಟ್ ಕೇಳಿದ್ರೆ 72 ಗಂಟೆಯಲ್ಲಿ ಕೊಡಬೇಕು ಅನ್ನೋದೂ ನಿಮ್ಮ ಮೇಲೇ ಇರೋ ನಿಯಮ, ಹಾಗಾಗಿ ರೆಕಾರ್ಡ್ ರೂಂ ಅವ್ರ ಕೈಗೆ ಕೊಡೋ ಮುಂಚೆ ಸ್ಕ್ಯಾನ್ ಮಾಡಿಸಿದ ಒಂದು ಕಾಪಿ ನಿಮ್ಮ ಮನೆಯಲ್ಲಿರಲಿ. ವ್ಯವಹಾರದ ಷರತ್ತುಗಳ ಕರಡು, ಅಂದ್ರೆ ಟರ್ಮ್ ಶೀಟ್, ಬಂದ್ಮೇಲೆ ಸೈನ್ ಹಾಕೋ ಮುಂಚೆ ಹೆಸರು ನಂಬರ್ ಎಲ್ಲ ಅಳಿಸಿ ಕಳ್ಸಿ, ಆ ಕೊನೆಯ ಪುಟದ 90 ದಿನದ ಸಾಲು ಹೇಗೆ ಬರೆದಿದಾರೆ ಅಂತ ಮೊದಲು ಅದನ್ನೇ ನೋಡಿ ಹೇಳ್ತೀನಿ.